ಸನ್ಮಾನವೆಂಬ ಸಾಲ

1998ರ ಜುಲೈ ತಿಂಗಳಲ್ಲಿ ಅಮೆರಿಕದ ಅಂಚೆ ಇಲಾಖೆ ನಾಲ್ಕು ಹೊಸ ಅಂಚೆಚೀಟಿಗಳನ್ನು ಹೊರಡಿಸಿತು. ಬೆಲೆ ತಲಾ 32 ಸೆಂಟ್. ನಾಲ್ಕರಲ್ಲೂ ಗಾಸ್ಪೆಲ್ ಸಂಗೀತದ ಗಾಯಕಿಯರ ಚಿತ್ರ: ಮಹೇಲಿಯಾ ಜಾಕ್ಸನ್, ಕ್ಲಾರಾ ವಾರ್ಡ್, ರಾಬರ್ಟಾ ಮಾರ್ಟಿನ್ ಮತ್ತು ಸಿಸ್ಟರ್ ರೊಸೆಟಾ ಥಾರ್ಪ್. ಊರಿಗೆ ಕಾಗದ ಹಾಕಲು 32 ಸೆಂಟ್ ಸಾಲುತ್ತಿರಲಿಲ್ಲ. ಆದರೆ ಆ ವರ್ಷ ಈ ದೇಶದಲ್ಲಿದ್ದ ನಮ್ಮ ಸದಸ್ಯರಲ್ಲಿ ಕೆಲವರಾದರೂ ಕರೆಂಟ್ ಬಿಲ್ಲಿನ ಲಕೋಟೆಗೆ ಈ ಚೀಟಿಗಳನ್ನು, ಇವರು ಯಾರೆಂದು ನೋಡದೆಯೇ, ಅಂಟಿಸಿರಬೇಕು.

ಆ ಹೊತ್ತಿಗೆ ರೊಸೆಟಾ ಥಾರ್ಪ್ ತೀರಿಕೊಂಡು ಇಪ್ಪತ್ತೈದು ವರ್ಷ ಆಗುತ್ತ ಬಂದಿತ್ತು. 1973ರ ಅಕ್ಟೋಬರಿನಲ್ಲಿ ಆಕೆಯನ್ನು ಮಣ್ಣು ಮಾಡಿದ್ದು ಇಲ್ಲೇ, ನಮ್ಮ ಫಿಲಡೆಲ್ಫಿಯಾದ ನಾರ್ತ್‌ವುಡ್ ಸ್ಮಶಾನದಲ್ಲಿ. ಅಲ್ಲಿ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ. ಅಂಚೆಚೀಟಿ ಬಂದು ಹತ್ತು ವರ್ಷವಾದ ಮೇಲೆ, 2008ರ ಜನವರಿ 11ರಂದು, ಅಭಿಮಾನಿಗಳು ಒಂದು ಸಂಗೀತ ಕಾರ್ಯಕ್ರಮ ಮಾಡಿ ಹಣ ಕೂಡಿಸಿದರು. ಆಮೇಲೆ ಸಮಾಧಿಗೆ ಕಲ್ಲು ಬಂತು. ಪೆನ್ಸಿಲ್ವೇನಿಯಾದ ಗವರ್ನರು ಆ ದಿನವನ್ನು ಆಕೆಯ ಹೆಸರಿನ ದಿನವೆಂದು ಸಾರಿದರು. ಅತ್ತೆ ಸತ್ತ ಆರು ತಿಂಗಳಿಗೆ ಸೊಸೆಯ ಕಣ್ಣಲ್ಲಿ ನೀರು ಬಂತು ಎಂಬ ಗಾದೆ ನಮ್ಮಲ್ಲಿದೆ; ಇಲ್ಲಿ ಮೂವತ್ತೈದು ವರ್ಷ ಹಿಡಿಯಿತು.

ದೇಶದ ಲಕೋಟೆಗಳ ಮೇಲೆಲ್ಲ ಮುಖ, ಮಲಗಿದ ಜಾಗದಲ್ಲಿ ಹೆಸರಿಲ್ಲ. ಇದರಲ್ಲಿ ಯಾರೋ ಒಬ್ಬರು ದುಷ್ಟರಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಅಂಚೆ ಇಲಾಖೆಯವರು ಚೀಟಿ ಅಚ್ಚು ಹಾಕುವವರು, ಸ್ಮಶಾನ ನೋಡಿಕೊಳ್ಳುವವರಲ್ಲ. ತೊಡಕು ಇರುವುದು ಸನ್ಮಾನವೆಂಬುದನ್ನು ನಾವು ತಿಳಿದುಕೊಂಡಿರುವ ರೀತಿಯಲ್ಲಿ. ನಮ್ಮ ಮಾತನ್ನೇ ನೋಡಿ: ಶಾಲು ಹೊದಿಸಿದೆವು, ಫಲಕ ಕೊಟ್ಟೆವು, ಪ್ರಶಸ್ತಿ ಕೊಟ್ಟೆವು ಎನ್ನುತ್ತೇವೆ. ಕೊಡುವವನು ದಾನಿ, ಕೈ ಚಾಚುವವನು ಋಣಿ ಎಂಬ ಭಾವ ಆ 'ಕೊಟ್ಟೆವು' ಎಂಬುದರಲ್ಲೇ ಅಡಗಿದೆ. ಹಾಡಿನ ವಿಷಯಕ್ಕೆ ಬಂದರೆ ಈ ಲೆಕ್ಕ ತಿರುಗುಮುರುಗು. ಹಾಡನ್ನು ಕೇಳಿ ಒಂದು ಕೆಟ್ಟ ರಾತ್ರಿಯನ್ನು ದಾಟಿದವನು ಸಾಲಗಾರ. ಹಾಡಿದವರು, ಕಟ್ಟಿದವರು ಸಾಲ ಕೊಟ್ಟವರು. ಸನ್ಮಾನವೆಂಬುದು ದಾನವಾದರೆ ಯಾವಾಗ ಬೇಕಾದರೂ, ಎಷ್ಟು ಬೇಕಾದರೂ, ಯಾರಿಗೆ ಬೇಕಾದರೂ ಕೊಡಬಹುದು. ಸಾಲವಾದರೆ ಹಾಗಾಗುವುದಿಲ್ಲ. ಯಾರಿಂದ ತಂದೆವೋ ಅವರಿಗೇ, ಆದಷ್ಟು ಅವರಿರುವಾಗಲೇ, ಅವರಿಗೆ ಉಪಯೋಗವಾಗುವ ನಾಣ್ಯದಲ್ಲೇ ತೀರಿಸಬೇಕು. ಅರಿಸ್ಟಾಟಲ್ ಕೂಡ ಗೌರವವೆಂಬುದು ಪಡೆಯುವವನಿಗಿಂತ ಕೊಡುವವನನ್ನೇ ಹೆಚ್ಚು ಅವಲಂಬಿಸಿದೆ ಎಂದು ಅನುಮಾನಪಟ್ಟಿದ್ದ. ಅವನ ಅನುಮಾನ ಸರಿಯಾದದ್ದೇ.

ರಾಜ್ಯೋತ್ಸವ ಹತ್ತಿರ ಬಂತೆಂದರೆ ನಮ್ಮ ಸಮಿತಿಯಲ್ಲೂ "ಈ ಸಲ ಯಾರಿಗೆ?" ಎಂಬ ಮಾತು ಏಳುತ್ತದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ದೂರದಿಂದ, ನಾವು ಬಂದು ನೆಲೆಸಿದ ಈ ದೇಶದ ಒಂದು ಸಂಗೀತದ ಮೂಲಕ ನೋಡೋಣವೆಂದು ಹೊರಟಿದ್ದೇನೆ.

ಗಾಸ್ಪೆಲ್ ಎಂದರೆ ಶುಭವಾರ್ತೆ. ಚರ್ಚಿನಲ್ಲಿ ಹಾಡಿದ್ದೆಲ್ಲ ಗಾಸ್ಪೆಲ್ ಅಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಬಯಲು ಸಭೆಗಳಿಗೂ ಭಾನುವಾರದ ಶಾಲೆಗಳಿಗೂ ಬರೆದ ಸರಳ ಹಾಡುಗಳಿಗೆ ಆ ಹೆಸರು ಬಂತು. ಇಂದು ಗಾಸ್ಪೆಲ್ ಎಂದ ಕೂಡಲೇ ಕಿವಿಗೆ ಬರುವ ಚಪ್ಪಾಳೆ, ಪಿಯಾನೋ, ಒಬ್ಬರು ಕೂಗಿದರೆ ನೂರು ಜನ ಓಗೊಡುವ ಆ ರೀತಿ ಬೆಳೆದದ್ದು 1920-30ರ ದಶಕಗಳಲ್ಲಿ. ದಕ್ಷಿಣದ ಹತ್ತಿಹೊಲಗಳನ್ನು, ಅಲ್ಲಿಯ ಹಿಂಸೆಯನ್ನು ಬಿಟ್ಟು ಶಿಕಾಗೋ, ಡೆಟ್ರಾಯಿಟ್, ಫಿಲಡೆಲ್ಫಿಯಾಗಳಿಗೆ ಬಂದ ಕಪ್ಪು ಜನರು ತಮ್ಮೊಂದಿಗೆ ಹಾಡನ್ನೂ ತಂದರು. ಊರು ಬಿಟ್ಟವರ ಸಂಗೀತ ಎಂಬ ಮಟ್ಟಿಗೆ ಅದು ನಮಗೂ ಅರ್ಥವಾಗುತ್ತದೆ. (ನಾವು ವೀಸಾ ಹಿಡಿದು ವಿಮಾನದಲ್ಲಿ ಬಂದವರು, ಅವರು ಜೀವ ಹಿಡಿದುಕೊಂಡು ರೈಲಿನಲ್ಲಿ ಬಂದವರು. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಮರ್ಯಾದೆ.)

ಈ ಸಂಗೀತದ ಜನಕನೆಂದು ಕರೆಸಿಕೊಂಡವರು ಥಾಮಸ್ ಎ. ಡಾರ್ಸಿ. 1899ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿ, ತುಂಬು ಬಾಳು ಬಾಳಿ, 1993ರಲ್ಲಿ ಶಿಕಾಗೋದಲ್ಲಿ ತೀರಿಕೊಂಡರು. ಮೊದಲು ಅವರು ಬ್ಲೂಸ್ ಪಿಯಾನೋ ವಾದಕ. 'ಜಾರ್ಜಿಯಾ ಟಾಮ್' ಎಂಬ ಹೆಸರಿನಲ್ಲಿ, ಮಕ್ಕಳ ಮುಂದೆ ಹೇಳಲಾಗದ ಅರ್ಥದ ಹಾಡುಗಳನ್ನು ಕೂಡ ರೆಕಾರ್ಡ್ ಮಾಡಿದವರು. ಆ ಬ್ಲೂಸಿನ ತೂಗಾಟವನ್ನೇ ದೇವರ ಹಾಡಿಗೆ ತಂದಾಗ ದೊಡ್ಡ ಚರ್ಚುಗಳ ಬಾಗಿಲು ಅವರಿಗೆ ಮುಚ್ಚಿತು. ಬರೆದ ಒಂದು ಹಾಡಿನ 500 ಪ್ರತಿಗಳನ್ನು ಸಾಲ ಮಾಡಿ ಅಚ್ಚು ಹಾಕಿಸಿ ಊರೂರಿನ ಚರ್ಚುಗಳಿಗೆ ಅಂಚೆಯಲ್ಲಿ ಕಳಿಸಿದರೆ ಬಹುಕಾಲ ಯಾರೂ ತಿರುಗಿ ನೋಡಲಿಲ್ಲ. 1930ರಲ್ಲಿ ಶಿಕಾಗೋದಲ್ಲಿ ಸೇರಿದ ಬ್ಯಾಪ್ಟಿಸ್ಟರ ದೊಡ್ಡ ಸಮ್ಮೇಳನದಲ್ಲಿ ಅದೇ ಹಾಡನ್ನು ಹಾಡಿದಾಗ ಸಾವಿರಾರು ಪ್ರತಿಗಳು ಖರ್ಚಾದವು.

1932ರ ಆಗಸ್ಟ್‌ನಲ್ಲಿ ಡಾರ್ಸಿ ಸೇಂಟ್ ಲೂಯಿಸ್ ನಗರದ ಒಂದು ಸಭೆಯಲ್ಲಿದ್ದಾಗ ತಂತಿ ಬಂತು: ಹೆರಿಗೆಯಲ್ಲಿ ಹೆಂಡತಿ ನೆಟ್ಟಿ ಹೋಗಿಬಿಟ್ಟಳು. ಹುಟ್ಟಿದ ಗಂಡುಮಗುವೂ ಹೆಚ್ಚು ಹೊತ್ತು ಉಳಿಯಲಿಲ್ಲ. ಆ ದುಃಖದಲ್ಲಿ ಪಿಯಾನೋ ಮುಂದೆ ಕೂತಾಗ ಒಂದು ಹಳೆಯ ಸ್ತುತಿಗೀತೆಯ ಧಾಟಿಯ ಮೇಲೆ ಹುಟ್ಟಿದ್ದು 'ಪ್ರೆಶಸ್ ಲಾರ್ಡ್'. 1968ರ ಏಪ್ರಿಲ್ 4ರ ಸಂಜೆ ಮೆಂಫಿಸ್‌ನ ಮೋಟೆಲಿನ ಮೊಗಸಾಲೆಯಲ್ಲಿ ನಿಂತು ಮಾರ್ಟಿನ್ ಲೂಥರ್ ಕಿಂಗ್, ಆ ರಾತ್ರಿಯ ಸಭೆಯಲ್ಲಿ ಇದನ್ನು ನುಡಿಸಬೇಕೆಂದು ಕೆಳಗೆ ನಿಂತಿದ್ದ ವಾದ್ಯಗಾರರನ್ನು ಕೇಳಿಕೊಂಡರು. ಗುಂಡು ಬಿದ್ದದ್ದು ಅದಾದ ಕ್ಷಣಗಳಲ್ಲೇ. ಅವರ ಅಂತ್ಯಸಂಸ್ಕಾರದಲ್ಲಿ ಮಹೇಲಿಯಾ ಜಾಕ್ಸನ್ ಅದನ್ನು ಹಾಡಿದರು. ನಾಲ್ಕು ವರ್ಷದ ಮೇಲೆ ಮಹೇಲಿಯಾ ಹೋದಾಗ ಅರೀತಾ ಫ್ರಾಂಕ್ಲಿನ್ ಅದನ್ನೇ ಹಾಡಿದರು. ಒಂದು ಹಾಡಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ಯಾವ ಅಕಾಡೆಮಿ ಕೊಡಬಲ್ಲದು?

ಆದರೆ ಹಾಡಿಗೆ ಸಂದದ್ದು ಕಟ್ಟಿದವರಿಗೆ ಸಂದಿತೇ ಎಂಬುದು ಬೇರೆ ಪ್ರಶ್ನೆ. ಮೊದಮೊದಲು ಈ ಬಗೆಯ ಹಾಡುಗಳನ್ನು ಜನ 'ಡಾರ್ಸಿಗಳು' ಎಂದೇ ಕರೆಯುತ್ತಿದ್ದರಂತೆ. ಮನುಷ್ಯನ ಹೆಸರು ಒಂದು ಸಾಮಾನ್ಯ ನಾಮಪದವಾಗುವುದು ಎಂಥ ಗೌರವ! ಮುಂದೆ ಆ ಹೆಸರು ಸವೆದುಹೋಗಿ, ಎಷ್ಟೋ ಜನ ಈ ಹಾಡನ್ನು ಟಾಮಿ ಡಾರ್ಸಿ ಎಂಬ ಬೇರೊಬ್ಬ ಬಿಳಿಯ ಬ್ಯಾಂಡ್ ನಾಯಕನದೆಂದು ತಿಳಿದರು, ಬರೆದರು ಕೂಡ. ಹೆಂಡತಿ ಮಗುವನ್ನು ಕಳೆದುಕೊಂಡು ಹಾಡು ಕಟ್ಟಿದವರು ಒಬ್ಬರು, ಹೆಸರು ಇನ್ನೊಬ್ಬರದು.

ಇಲ್ಲಿ ಓದುಗರಲ್ಲಿ ಯಾರಾದರೂ ಒಂದು ಆಕ್ಷೇಪ ಎತ್ತಬಹುದು. ಇದು ದೇವರ ಹಾಡಲ್ಲವೇ? ಹಾಡಿದವರೇ "ಇದು ನನ್ನದಲ್ಲ, ಅವನದು" ಎನ್ನುವಾಗ ಹಾಡುಗಾರರಿಗೆ ಹಾರ ಹಾಕುವುದು ಎಂಥದು? ಈ ಆಕ್ಷೇಪ ಹಗುರವಾದದ್ದಲ್ಲ. ನಮ್ಮ ವಚನಕಾರರೂ ದಾಸರೂ ತಮ್ಮ ರಚನೆಯ ಕೊನೆಗೆ ಹಾಕಿದ್ದು ದೇವರ ಹೆಸರನ್ನು. ಆದರೆ ಸ್ವಲ್ಪ ನಿಂತು ನೋಡಿದರೆ ಅಂಕಿತ ಎರಡು ಕೆಲಸ ಮಾಡುತ್ತದೆ. ಕರ್ತೃತ್ವವನ್ನು ದೇವರ ಪಾದಕ್ಕಿಡುತ್ತದೆ. ಅದೇ ಉಸಿರಿನಲ್ಲಿ ಇದು ಬಸವಣ್ಣನವರದು, ಇದು ಅಕ್ಕಮಹಾದೇವಿಯದು, ಇದು ಪುರಂದರದಾಸರದು ಎಂದು ಗುರುತು ಹಚ್ಚಲು ಬಿಡುತ್ತದೆ. ಎಂಟುನೂರು ವರ್ಷದ ಮೇಲೂ ನಮಗೆ ಹೆಸರುಗಳು ಉಳಿದಿರುವುದು ಆ ವಿನಯದ ಒಳಗಿದ್ದ ಈ ಮುದ್ರೆಯಿಂದ. ಮುದ್ರೆಯಿಲ್ಲದ ವಿನಯವನ್ನು ಅಂಗಡಿಯವನು ಬಳಸಿಕೊಳ್ಳುತ್ತಾನೆ. ಗಾಸ್ಪೆಲ್ ಲೋಕದಲ್ಲಿ ಎಷ್ಟೋ ಸಲ ಆದದ್ದು ಹಾಗೇ: "ದೇವರ ಕೆಲಸವಲ್ಲವೇ, ನಿನಗೇಕೆ ದುಡ್ಡು?" ಎಂದು ಕೇಳಿದವರು ದುಡ್ಡನ್ನು ದೇವರಿಗೆ ಕಳಿಸಲಿಲ್ಲ.

ಇದಕ್ಕೆ ಫ್ಯಾನಿ ಕ್ರಾಸ್ಬಿಯ ಬಾಳು ಒಳ್ಳೆಯ ಉದಾಹರಣೆ. 1820ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಈಕೆಗೆ ಕೆಲವು ವಾರಗಳ ಕೂಸಾಗಿದ್ದಾಗಲೇ ದೃಷ್ಟಿ ಹೋಯಿತು. ಅಂಧರ ಶಾಲೆಯಲ್ಲಿ ಓದಿ, ಅಲ್ಲೇ ಟೀಚರಾಗಿ, ಬಾಳಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಭಕ್ತಿಗೀತೆಗಳನ್ನು ಬರೆದರು. ಒಂದು ಹಾಡಿಗೆ ಸಿಕ್ಕುತ್ತಿದ್ದದ್ದು ಒಂದೋ ಎರಡೋ ಡಾಲರ್. ಒಂದೇ ಪುಸ್ತಕದಲ್ಲಿ ಒಬ್ಬಳೇ ಹೆಂಗಸಿನ ಇಷ್ಟೊಂದು ಹಾಡುಗಳಿದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು ಪ್ರಕಾಶಕರು ಬೇರೆ ಬೇರೆ ಹೆಸರು ಹಾಕಿದರು. ಆ ಹೆಸರುಗಳ ಸಂಖ್ಯೆ ಇನ್ನೂರರ ಹತ್ತಿರ. ಕ್ರಾಸ್ಬಿ ಇದಕ್ಕೆ ಬೇಸರಪಟ್ಟಂತೆ ಕಾಣುವುದಿಲ್ಲ. ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಇದ್ದುಕೊಂಡು, ಕುಡಿತಕ್ಕೆ ಬಿದ್ದವರ, ನೆಲೆಯಿಲ್ಲದವರ ನಡುವೆ ಕೆಲಸ ಮಾಡಿ, ಕೈಗೆ ಬಂದದ್ದನ್ನು ಹಂಚಿದವರು. ತನಗೆ ದೊಡ್ಡ ಸ್ಮಾರಕ ಬೇಡವೆಂದು ಹೇಳಿಹೋಗಿದ್ದರು. 1915ರಲ್ಲಿ ತೀರಿಕೊಂಡಾಗ ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್ ಸ್ಮಶಾನದಲ್ಲಿ 'ಆಂಟ್ ಫ್ಯಾನಿ' ಎಂದು ಬರೆದ ಒಂದು ಗಿಡ್ಡ ಕಲ್ಲು ಮಾತ್ರ ನಿಂತಿತು. (ಅದೇ ಸ್ಮಶಾನದಲ್ಲಿ ಸರ್ಕಸ್ ದೊರೆ ಬಾರ್ನಮ್ ಅವರ ಸಮಾಧಿಯೂ ಇದೆ. ಅವರು ಪ್ರಚಾರ ಬೇಡವೆಂದವರಲ್ಲ ಎಂಬುದನ್ನು ಹೇಳಬೇಕಾಗಿಲ್ಲ.) ನಲವತ್ತು ವರ್ಷ ಕಳೆದು, 1955ರಲ್ಲಿ, ಅಭಿಮಾನಿಗಳು ತಡೆಯಲಾರದೆ ಅಲ್ಲೇ ಒಂದು ದೊಡ್ಡ ಕಲ್ಲನ್ನು ನಿಲ್ಲಿಸಿದರು.

ಅವರು ಮಾಡಿದ್ದು ಸರಿಯೇ? ನಾನು ಇದನ್ನು ಸಾಕಷ್ಟು ದಿನ ಯೋಚಿಸಿದ್ದೇನೆ. ಸತ್ತವರ ಮಾತನ್ನು ಮೀರುವ ಹಕ್ಕು ಪ್ರೀತಿಗೆ ಇದೆ ಎನ್ನುವವರು ಇದ್ದಾರೆ. ಸಾಲ ತೀರಿಸಬೇಕೆಂಬ ಒತ್ತಡ ಸಾಲಗಾರನದು, ಅದು ಸುಳ್ಳಲ್ಲ. ಆದರೆ ಅದನ್ನು ಯಾವ ನಾಣ್ಯದಲ್ಲಿ ತೀರಿಸಬೇಕೆಂದು ಹೇಳುವ ಹಕ್ಕು ಕೊಟ್ಟವರದು. ಕ್ರಾಸ್ಬಿ ಆ ನಾಣ್ಯವನ್ನೂ ತೋರಿಸಿಹೋಗಿದ್ದರು: ಅವರು ಬಿಟ್ಟುಹೋದ ಹಣದಿಂದ ಮೊದಲುಗೊಂಡು 1925ರಲ್ಲಿ ಬ್ರಿಡ್ಜ್‌ಪೋರ್ಟಿನಲ್ಲಿ ವೃದ್ಧರಿಗೊಂದು ಮನೆ ತೆರೆಯಿತು, ಹಲವು ದಶಕ ನಡೆಯಿತು. ಅಭಿಮಾನಿಗಳ ದುಡ್ಡು ಅಲ್ಲಿಗೆ ಹೋಗಿದ್ದರೆ ಅದು ಕ್ರಾಸ್ಬಿಗೆ ಸಂದ ಗೌರವ. ಅಮೃತಶಿಲೆಗೆ ಹೋದದ್ದು ಅಭಿಮಾನಿಗಳು ತಮ್ಮ ಅಭಿಮಾನಕ್ಕೆ ತಾವೇ ಮಾಡಿಕೊಂಡ ಗೌರವ. ಇದು ಸ್ವಲ್ಪ ಕಟುವಾಯಿತು, ಇರಲಿ.

ಹಾಗಾದರೆ ರೊಸೆಟಾ ಥಾರ್ಪ್‌ಗೆ ಕಲ್ಲು ಹಾಕಿಸಿದ್ದೂ ಹಾಗೆಯೇ ಅಲ್ಲವೇ ಎಂದು ಕೇಳಬಹುದು. ಅಲ್ಲ. ಕ್ರಾಸ್ಬಿ ಬೇಡವೆಂದರು. ಥಾರ್ಪ್ ಯಾವತ್ತೂ ಬೇಡವೆಂದವರಲ್ಲ. ಆಕೆ ದೀಪದ ಬೆಳಕನ್ನು ಇಷ್ಟಪಟ್ಟ ಜೀವ. 1915ರಲ್ಲಿ ಆರ್ಕನ್ಸಾದ ಕಾಟನ್ ಪ್ಲಾಂಟ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿ, ಬೋಧಕಿಯಾಗಿದ್ದ ತಾಯಿಯ ಹಿಂದೆ ಊರೂರು ಸುತ್ತುತ್ತ, ಗಿಟಾರ್ ಹಿಡಿಯಲು ಕೈ ಸಾಲದ ವಯಸ್ಸಿನಲ್ಲೇ ನುಡಿಸಲು ಕಲಿತವರು. 1938ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ಹಾಡಿದಾಗ ಚರ್ಚಿನ ಹಿರಿಯರು ಮುಖ ತಿರುಗಿಸಿದರು. 1944ರಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ರೆಕಾರ್ಡ್ ಮಾಡಿದ ಒಂದು ಭಕ್ತಿಗೀತೆ ಮುಂದಿನ ವರ್ಷ ಲೌಕಿಕ ಹಾಡುಗಳ ಪಟ್ಟಿಯಲ್ಲೇ ಮೇಲೇರಿತು. 1951ರಲ್ಲಿ ವಾಷಿಂಗ್ಟನ್ನಿನ ಬೇಸ್‌ಬಾಲ್ ಮೈದಾನದಲ್ಲಿ ತಮ್ಮ ಮದುವೆಯನ್ನೇ ಕಛೇರಿ ಮಾಡಿದರು. ಸುಮಾರು ಇಪ್ಪತ್ತು ಸಾವಿರ ಜನ ಟಿಕೆಟ್ ಕೊಂಡು ಬಂದರು! (ನಮ್ಮಲ್ಲಿ ಮದುವೆಗೆ ಉಡುಗೊರೆ ತರುತ್ತಾರೆ, ಟಿಕೆಟ್ ಕೊಳ್ಳುವುದಿಲ್ಲ.) 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ರೈಲು ನಿಲ್ಲದ ಹಳೆಯ ಸ್ಟೇಷನ್ನಿನಲ್ಲಿ, ಟಿವಿಗಾಗಿ ಹಾಡಿದ್ದರ ಚಿತ್ರ ಉಳಿದಿದೆ. ಕೇಳುವವರು ಆಚೆಯ ಪ್ಲಾಟ್‌ಫಾರಂ ಮೇಲೆ, ಈಕೆ ಈಚೆ. ಮಳೆಯಲ್ಲಿ ಓವರ್‌ಕೋಟ್ ಹಾಕಿಕೊಂಡು, ಬಿಳಿಯ ಗಿಟಾರ್ ಹೆಗಲಿಗೆ ಹಾಕಿ ಹಾಡುವ ಆ ಹೆಂಗಸನ್ನು ನೋಡಿದವರು ಮರೆಯುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕೊನೆಗಾಲದಲ್ಲಿ ಒಂದು ಕಾಲು ಹೋಯಿತು.

2018ರಲ್ಲಿ ರಾಕ್ ಸಂಗೀತದವರು ತಮ್ಮ ಕೀರ್ತಿಭವನಕ್ಕೆ ಆಕೆಯನ್ನು ಸೇರಿಸಿಕೊಂಡರು, 'ಆರಂಭದ ಪ್ರಭಾವ' ಎಂಬ ವಿಭಾಗದಲ್ಲಿ. 1997ರಲ್ಲಿ ಮಹೇಲಿಯಾ ಜಾಕ್ಸನ್ ಅವರನ್ನೂ ಅದೇ ಸಾಲಿನಲ್ಲಿ ಸೇರಿಸಿದ್ದರು. ಸಂತೋಷವೇ. ಆದರೂ ಇದರಲ್ಲಿ ಒಂದು ಸೂಕ್ಷ್ಮವಿದೆ. ಥಾರ್ಪ್ ದೊಡ್ಡವರು, ಏಕೆಂದರೆ ಅವರಿಂದ ರಾಕ್ ಹುಟ್ಟಿತು ಎಂಬ ಮಾತು ಅದು. ಮಗ ಡಾಕ್ಟರಾದದ್ದರಿಂದ ತಾಯಿಗೆ ಮರ್ಯಾದೆ ಎಂದ ಹಾಗೆ. ಮಹೇಲಿಯಾ ಅವರಂತೂ ಬ್ಲೂಸ್ ಹಾಡಲೊಲ್ಲೆನೆಂದು, ಬಂದ ದುಡ್ಡನ್ನು ತಳ್ಳಿ ಕೂತವರು. ಯಾವುದನ್ನು ಹಾಡುವುದಿಲ್ಲವೆಂದು ಹಟ ಹಿಡಿದರೋ ಅದರ ವಂಶವೃಕ್ಷದಲ್ಲಿ ಅವರ ಹೆಸರು ಬರೆದಿದ್ದಾರೆ! ಒಬ್ಬರನ್ನು ಅವರು ಮಾಡಿದ ಕೆಲಸಕ್ಕಾಗಿ ಗೌರವಿಸುವುದು ಒಂದು. ಆ ಕೆಲಸದಿಂದ ನಮ್ಮ ಕಡೆಯವರಿಗಾದ ಲಾಭಕ್ಕಾಗಿ ಗೌರವಿಸುವುದು ಇನ್ನೊಂದು. ಎರಡನೆಯದು ತಪ್ಪಲ್ಲ, ಆದರೆ ಅದರಿಂದ ಮೊದಲನೆಯದು ತೀರುವುದಿಲ್ಲ.

ಮಹೇಲಿಯಾ ಅವರ ಹೆಸರನ್ನು ದೇಶಕ್ಕೆ ಹಬ್ಬಿಸಿದ್ದು 1947ರಲ್ಲಿ ರೆಕಾರ್ಡ್ ಮಾಡಿದ 'ಮೂವ್ ಆನ್ ಅಪ್ ಎ ಲಿಟ್ಲ್ ಹೈಯರ್'. ಪ್ಲೇಟಿನ ಎರಡೂ ಮಗ್ಗುಲು ಸೇರಿ ಒಂದೇ ಹಾಡು. ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತೆಂದು ಪ್ರಸಿದ್ಧಿ. ಅದನ್ನು ಬರೆದವರು ಮೆಂಫಿಸ್‌ನ ಪಾದ್ರಿ ಡಬ್ಲ್ಯು. ಹರ್ಬರ್ಟ್ ಬ್ರೂಸ್ಟರ್. ಈಸ್ಟ್ ಟ್ರಿಗ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬೋಧನೆ ಮಾಡುತ್ತ, ಅಲ್ಲಿಯ ನಾಟಕಗಳಿಗಾಗಿ ಬರೆದದ್ದೂ ಸೇರಿ ಇನ್ನೂರರಷ್ಟು ಹಾಡುಗಳನ್ನು ಕಟ್ಟಿದವರು. ಹಾಡಿನ ಮೇಲ್ಮೈಯಲ್ಲಿ ಇರುವುದು ಸ್ವರ್ಗದ ಮೆಟ್ಟಿಲು. ಬ್ರೂಸ್ಟರ್ ಅವರೇ ಮುಂದೆ ಹೇಳಿದಂತೆ, ಅದರ ಕೆಳಗೆ ಇದ್ದದ್ದು ಈ ಲೋಕದಲ್ಲೇ ಕಪ್ಪು ಜನ ಒಂದು ಮೆಟ್ಟಿಲು ಮೇಲೇರಬೇಕೆಂಬ ಮಾತು. ಅದನ್ನು ನೇರವಾಗಿ ಆಡಿದರೆ ಮೆಂಫಿಸ್‌ನಲ್ಲಿ ಜೀವಕ್ಕೆ ಅಪಾಯವಿದ್ದ ಕಾಲ. ಇಂಥ ಎರಡು ಪದರಿನ ಮಾತನ್ನು ಹೆಣೆದವರ ಹೆಸರು ಎಷ್ಟು ಜನಕ್ಕೆ ಗೊತ್ತು? ದನಿ ಕಿವಿಗೆ ಬೀಳುತ್ತದೆ, ಮುಖ ಚಿತ್ರದಲ್ಲಿರುತ್ತದೆ, ಬರೆದವರು ಪ್ಲೇಟಿನ ಮೇಲಿನ ಸಣ್ಣ ಅಕ್ಷರ. 1980ರ ದಶಕದ ಆರಂಭದಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ ಬ್ರೂಸ್ಟರ್ ಅವರ ಹಾಡುಗಳಿಗಾಗಿ ಒಂದು ಉತ್ಸವವನ್ನೇ ನಡೆಸಿತು. ಆಗ ಅವರಿಗೆ ಎಂಬತ್ತು ದಾಟಿತ್ತು, ಬದುಕಿದ್ದರು. 1987ರಲ್ಲಿ ತೀರಿಕೊಂಡರು. ನಾನು ಓದಿದ ಸನ್ಮಾನಗಳ ಪೈಕಿ ನನಗೆ ಹೆಚ್ಚು ಇಷ್ಟವಾದದ್ದು ಇದು.

ದುಡ್ಡಿನ ವಿಷಯದಲ್ಲಿ ಮಾತ್ರ ಕಾನೂನು ಈ ತಾರತಮ್ಯವನ್ನು ತಲೆಕೆಳಗು ಮಾಡಿದೆ, ನೋಡಿ. ಅಮೆರಿಕದಲ್ಲಿ ಎ.ಎಂ., ಎಫ್.ಎಂ. ರೇಡಿಯೋ ಹಾಡು ಹಾಕಿದರೆ ಬರೆದವರಿಗೂ ಪ್ರಕಾಶಕರಿಗೂ ಹಣ ಸಲ್ಲುವ ವ್ಯವಸ್ಥೆ ಮೊದಲಿನಿಂದ ಇತ್ತು, ಹಾಡಿದವರಿಗೆ ಇರಲಿಲ್ಲ. ಹಾಡುಗಾರರಿಗೆ ರೇಡಿಯೋ ಎಂದರೆ ಪುಕ್ಕಟೆ ಜಾಹೀರಾತು ಎಂಬ ವಾದ. ಅಂದರೆ ಬರೆದವರಿಗೆ ಹಕ್ಕಿದೆ, ಹೆಸರಿಲ್ಲ. ಹಾಡಿದವರಿಗೆ ಹೆಸರಿದೆ, ಆ ಹಕ್ಕಿಲ್ಲ. ಬರೆದವರ ಹಕ್ಕೂ ಕಾಗದದ ಮೇಲೆ ಮಾತ್ರ. ಪಾದ್ರಿಯೊಬ್ಬರು ಹಾಡನ್ನು ನೋಂದಾಯಿಸದೆ ಬಿಟ್ಟರೆ ಇನ್ನೊಬ್ಬರು ತಮ್ಮ ಹೆಸರಿನಲ್ಲಿ ನೋಂದಾಯಿಸುವುದು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಭಾರತದಲ್ಲಿ ಸಿನಿಮಾ ಹಾಡಿನ ಕವಿ, ಸಂಗೀತ ನಿರ್ದೇಶಕರು ತಮ್ಮ ರಾಯಧನದ ಪಾಲನ್ನು ಬರೆದುಕೊಟ್ಟು ಕಳೆದುಕೊಳ್ಳದಂತೆ ಕಾನೂನು ತಿದ್ದಲು 2012ರವರೆಗೆ ಕಾಯಬೇಕಾಯಿತು.

ಇನ್ನು ಬರೆಯದ, ಹೆಚ್ಚು ಹಾಡಿ ಹೆಸರು ಮಾಡದ ಇನ್ನೊಂದು ಗುಂಪಿದೆ. ಡಾರ್ಸಿಯವರ ಮನೆಯಲ್ಲಿ ಹಾಡಿನ ಹಾಳೆಗಳು ಮಾರಾಟವಾಗುತ್ತಿದ್ದವು, ಲೆಕ್ಕ ಇಡುವವರಿರಲಿಲ್ಲ. ಸ್ಯಾಲಿ ಮಾರ್ಟಿನ್ ಎಂಬ ಹೆಂಗಸು ಬಂದು ಆ ವ್ಯಾಪಾರವನ್ನು ಹಳಿಗೆ ತಂದರು, ಊರೂರು ಸುತ್ತಿ ಗಾಯನ ತಂಡಗಳನ್ನು ಕಟ್ಟಿದರು, 1940ರಲ್ಲಿ ಸಂಗೀತಗಾರ ಕೆನೆತ್ ಮಾರಿಸ್ ಜೊತೆ ಸ್ವಂತ ಪ್ರಕಾಶನವನ್ನೇ ಮಾಡಿದರು. ಸೇಂಟ್ ಲೂಯಿಸ್‌ನ ವಿಲ್ಲಿ ಮೇ ಫೋರ್ಡ್ ಸ್ಮಿತ್ ರೆಕಾರ್ಡ್ ಮಾಡಿದ್ದು ಬಹಳ ಕಡಿಮೆ. ಒಂದು ತಲೆಮಾರಿನ ಗಾಯಕರಿಗೆ ಹೇಗೆ ಹಾಡಬೇಕೆಂದು ಹೇಳಿಕೊಟ್ಟವರು ಅವರು. 1982ರ 'ಸೇ ಆಮೆನ್, ಸಮ್‌ಬಡಿ' ಎಂಬ ಸಾಕ್ಷ್ಯಚಿತ್ರದಲ್ಲಿ ಈ ಮೂವರು ಮುದುಕರೂ ಇದ್ದಾರೆ. ಸಿಕ್ಕರೆ ಮನೆಮಂದಿಯೆಲ್ಲ ಕೂತು ನೋಡಿ. ಯಾರು ಎಷ್ಟು ಮಾಡಿದರು ಎಂಬ ಬಗ್ಗೆ ಡಾರ್ಸಿಗೂ ಸ್ಯಾಲಿ ಅವರಿಗೂ ಅಷ್ಟು ವಯಸ್ಸಾದ ಮೇಲೂ ಪೂರ್ತಿ ಒಮ್ಮತ ಇದ್ದಂತಿಲ್ಲ. ಅದನ್ನು ನೋಡಿ ನನಗೆ ಬೇಸರವಾಗಲಿಲ್ಲ. ಭಕ್ತರಿಗೂ ತಮ್ಮ ಪಾಲಿನ ಕೆಲಸ ತಮ್ಮದೆಂದು ಅನ್ನಿಸಿಕೊಳ್ಳುವ ಆಸೆ ಇರುತ್ತದೆ, ಇರಬೇಕಾದ್ದೇ.

ಕೊನೆಗೆ ಒಬ್ಬರ ಹೆಸರಿಗೂ ಸಿಕ್ಕದ ಒಂದು ಹಾಡು. ನಮ್ಮ ನಗರದ ಸೌತ್ ಬ್ರಾಡ್ ರಸ್ತೆಯಲ್ಲಿ ಟಿಂಡ್ಲಿ ಟೆಂಪಲ್ ಎಂಬ ದೊಡ್ಡ ಚರ್ಚಿದೆ. ಕಾರಿನಲ್ಲಿ ಎಷ್ಟೋ ಸಲ ಮುಂದೆ ಹಾದುಹೋಗಿರುತ್ತೀರಿ. ಅದಕ್ಕೆ ಯಾರ ಹೆಸರೋ ಆ ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ ಗು­ಲಾಮನೊಬ್ಬನ ಮಗ. ತಾನು ಮೊದಲು ಕಸ ಗುಡಿಸುತ್ತಿದ್ದ ಚರ್ಚಿಗೇ ಮುಂದೆ ಪಾದ್ರಿಯಾಗಿ ಬಂದವರು. 1900ರ ಆಸುಪಾಸಿನಲ್ಲಿ ಅವರು ಅಚ್ಚು ಹಾಕಿಸಿದ ಒಂದು ಹಾಡಿನ ಭಾವ, ಬೇರೆ ಹಳೆಯ ಧಾಟಿಗಳೊಡನೆ ಬೆರೆತು, ದಕ್ಷಿಣದ ಚರ್ಚುಗಳಲ್ಲಿ ಅಲೆದಾಡಿತು. 1945-46ರಲ್ಲಿ ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಸಿಗಾರ್ ಕಾರ್ಖಾನೆಯ ಕಪ್ಪು ಹೆಂಗಸರು ಮುಷ್ಕರ ಹೂಡಿದಾಗ, ಲುಸಿಲ್ ಸಿಮನ್ಸ್ ಎಂಬ ಕಾರ್ಮಿಕಳು ದಿನದ ಕೊನೆಗೆ ಅದನ್ನು ನಿಧಾನವಾಗಿ ಎಳೆದು ಹಾಡುತ್ತಿದ್ದಳು. ಅಲ್ಲಿಂದ ಟೆನೆಸಿಯ ಹೈಲ್ಯಾಂಡರ್ ಶಾಲೆಯ ಜಿಲ್ಫಿಯಾ ಹಾರ್ಟನ್ ಕಲಿತರು, ಅವರಿಂದ ಪೀಟ್ ಸೀಗರ್ ಕಲಿತರು, 1960ರಲ್ಲಿ ಗೈ ಕ್ಯಾರವಾನ್ ಅದನ್ನು ವಿದ್ಯಾರ್ಥಿ ಹೋರಾಟಗಾರರಿಗೆ ಕಲಿಸಿದರು. ಅದೇ 'ವಿ ಶಲ್ ಓವರ್‌ಕಮ್'. ಹಿಂದಿಯಲ್ಲಿ ಗಿರಿಜಾ ಕುಮಾರ್ ಮಾಥುರ್ ಬರೆದ ರೂಪ ನಮ್ಮೆಲ್ಲರಿಗೂ ಶಾಲೆಯಿಂದ ಗೊತ್ತು. ಕನ್ನಡದ ರೂಪವನ್ನು ನಮ್ಮೂರಿನ ಶಾಲೆಗಳಲ್ಲೂ ಚಳವಳಿಗಳಲ್ಲೂ ಹಾಡಿದ್ದಾರೆ. ನಮ್ಮಲ್ಲಿ ಹಲವರು ಬಾಯಿಪಾಠ ಮಾಡಿದ ಹಾಡು ಅದು. ಅಂದರೆ ಈ ಸಾಲದಲ್ಲಿ ನಮ್ಮ ಪಾಲೂ ಇದೆ.

ಈ ಹಾಡಿಗೆ ಕಾಪಿರೈಟ್ ತೆಗೆದುಕೊಂಡವರು ಹಾರ್ಟನ್, ಕ್ಯಾರವಾನ್, ಸೀಗರ್ ಮತ್ತು ಫ್ರಾಂಕ್ ಹ್ಯಾಮಿಲ್ಟನ್, ಅಂದರೆ ನಾಲ್ವರು ಬಿಳಿಯರು. ಕೇಳಿದರೆ ಸಿಟ್ಟು ಬರುತ್ತದೆ. ಆದರೆ ಅವರು ಹಾಗೆ ಮಾಡಿದ್ದು ಬೇರೆ ಯಾರೋ ವ್ಯಾಪಾರಿ ಅದನ್ನು ಕಬಳಿಸದಿರಲೆಂದು, ಬಂದ ರಾಯಧನವನ್ನೆಲ್ಲ ದಕ್ಷಿಣದ ಕಪ್ಪು ಜನರ ಕೆಲಸಗಳಿಗಾಗಿ ಒಂದು ನಿಧಿಗೆ ಬಿಟ್ಟುಕೊಟ್ಟರು. ದುಡ್ಡು ಸರಿಯಾದ ದಿಕ್ಕಿಗೆ ಹೋಯಿತು, ಹೆಸರು ಹೋಗಲಿಲ್ಲ. 2016ರಲ್ಲಿ ಇದರ ಮೇಲೆ ದಾವೆ ಬಿತ್ತು, 2018ರ ಜನವರಿಯಲ್ಲಿ ರಾಜಿಯಾಗಿ ಹಾಡು ಎಲ್ಲರ ಸೊತ್ತಾಯಿತು. ಈಗ ಯಾರ ಅನುಮತಿಯೂ ಬೇಕಿಲ್ಲ. ಲುಸಿಲ್ ಸಿಮನ್ಸ್‌ಗೆ ಮಾತ್ರ ಯಾರೂ ಅಂಚೆಚೀಟಿ ಹೊರಡಿಸಿಲ್ಲ. ಅವಳ ಪಕ್ಕದಲ್ಲಿ ನಿಂತು ದನಿಗೂಡಿಸಿದ ಹೆಂಗಸರ ಹೆಸರು ಹುಡುಕುವುದು ಇನ್ನೂ ಕಷ್ಟ. ಎಲ್ಲರದೂ ಆದ ಹಾಡು ಯಾರದೂ ಅಲ್ಲ ಎಂದು ತೀರ್ಮಾನಿಸಿ ಕೈ ತೊಳೆದುಕೊಳ್ಳುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಹಾಡುವ ಮುಂಚೆ ಅರ್ಧ ನಿಮಿಷ, ಇದು ಇಂಥ ಇಂಥವರ ಬಾಯಿಂದ ಬಂದದ್ದು ಎಂದು ಹೇಳಲು ಯಾವ ಕೋರ್ಟಿನ ಅಪ್ಪಣೆ ಬೇಕು?

ಪ್ರಶಸ್ತಿ, ಮತದಾನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಸ್ಪೆಲ್ ಸಂಗೀತದ 'ಡವ್' ಪ್ರಶಸ್ತಿ ಶುರುವಾದದ್ದು 1969ರಲ್ಲಿ. 1971ರಲ್ಲಿ ಮತ ತುಂಬಿಸಿದರೆಂಬ ಗಲಾಟೆಯಾಗಿ ಆ ವರ್ಷದ ಫಲಿತಾಂಶವನ್ನೇ ರದ್ದು ಮಾಡಬೇಕಾಯಿತು. ದೇವರ ಹಾಡಿಗೂ ಲಾಬಿ! ನವೆಂಬರ್ ಒಂದರ ಪಟ್ಟಿ ಹೊರಬೀಳುವ ವಾರ ಬೆಂಗಳೂರಿನ ಪತ್ರಿಕೆಗಳನ್ನು ಓದಿದವರಿಗೆ ಇದು ಹೊಸದೆನಿಸದು.

ನಮ್ಮ ವಿಷಯಕ್ಕೆ ಬರೋಣ. ನಮ್ಮ ವೇದಿಕೆಯಲ್ಲಿ 'ನಿತ್ಯೋತ್ಸವ'ದ ಹಾಡನ್ನು ಎಷ್ಟು ಸಲ ಹಾಡಿಲ್ಲ? ನಿಸಾರ್ ಅಹಮದರ ಹೆಸರನ್ನು ಒಮ್ಮೊಮ್ಮೆ ಹೇಳುತ್ತೇವೆ. ರಾಗ ಹಾಕಿದ ಮೈಸೂರು ಅನಂತಸ್ವಾಮಿಯವರ ಹೆಸರು ಬಿಟ್ಟುಹೋಗುತ್ತದೆ. ಇಲ್ಲೇ ನೆಲಮಾಳಿಗೆಯಲ್ಲಿ ಜಮಖಾನ ಹಾಸಿ, ಹದಿನೈದು ಮಕ್ಕಳಿಗೆ ಭಾನುವಾರ ಭಾನುವಾರ 'ಳ'ಕಾರ ತಿದ್ದಿ ಆ ಹಾಡನ್ನು ಕಲಿಸಿದವರ ಹೆಸರಂತೂ ನಿರೂಪಕರ ಚೀಟಿಗೆ ಬರುವುದೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ. ಆಚೆ ಊರಿನಿಂದ ವಿಮಾನದಲ್ಲಿ ಬಂದವರಿಗೆ ಶಾಲು, ಪೇಟ, ಫಲತಾಂಬೂಲ. ಇಲ್ಲಿಯವರಿಗೆ ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಿಸುವ ಕೆಲಸ. "ಅವರು ನಮ್ಮವರೇ ಅಲ್ವೇನ್ರೀ, ಅವರಿಗೇನು ಸನ್ಮಾನ?" ಎಂದು ಹಿರಿಯರೊಬ್ಬರು ಕಳೆದ ಸಲ ಕೇಳಿದರು. ಪ್ರೀತಿಯಿಂದಲೇ ಕೇಳಿದರು. ಸ್ಯಾಲಿ ಮಾರ್ಟಿನ್ ಬಗ್ಗೆಯೂ ಶಿಕಾಗೋದಲ್ಲಿ ಯಾರೋ ಹೀಗೇ ಅಂದಿರಬೇಕು. ಹಾಗೆಂದು ಈ ಸಲ ಅವರನ್ನೆಲ್ಲ ಹಿಡಿದು ತಂದು ವೇದಿಕೆಗೆ ಹತ್ತಿಸಿ ಶಾಲು ಹೊದಿಸಿ ಎಂದು ನಾನು ಹೇಳುತ್ತಿಲ್ಲ. ಮೊದಲು ಅವರನ್ನೇ ಕೇಳಿ. ಶಾಲು ಬೇಡ, ತಿಂಗಳಿಗೊಂದು ಭಾನುವಾರ ಹಾರ್ಮೋನಿಯಂ ಹೊತ್ತು ತರಲು ಎರಡು ಕೈ ಬೇಕು ಎಂದರೆ ಆ ಕೈ ಕೊಡುವುದೇ ಅವರ ಸನ್ಮಾನ. ಶಾಲು ಬೇಕು ಎಂದರೆ ಸಂಕೋಚವಿಲ್ಲದೆ ಒಳ್ಳೆಯ ಶಾಲನ್ನೇ ತರಿಸೋಣ.

ಸಮಿತಿಗೆ ನಾನು ಬರೆದುಕೊಟ್ಟಿರುವ ಸೂಚನೆ ಇಷ್ಟೇ: ಈ ಸಲದ ಕಾರ್ಯಕ್ರಮಕ್ಕೆ ಹಾಡು ಕೊಡುವವರು ಹಾಡಿನ ಮೊದಲ ಸಾಲಿನ ಜೊತೆಗೆ ಬರೆದವರು, ರಾಗ ಹಾಕಿದವರು, ಕಲಿಸಿದವರು, ಈ ಮೂರು ಹೆಸರನ್ನೂ ಕಾರ್ಯದರ್ಶಿಗಳಿಗೆ ಅಕ್ಟೋಬರ್ 15ರೊಳಗೆ ತಲುಪಿಸಬೇಕು. ನಿರೂಪಕರು ಅದನ್ನು ಓದಬೇಕು. ಗೊತ್ತಿಲ್ಲದಿದ್ದರೆ ಊರಿಗೆ ಫೋನ್ ಮಾಡಿ ಕೇಳಿ. ಅಮ್ಮನಿಗೋ ಅಜ್ಜಿಗೋ ಗೊತ್ತಿರುತ್ತದೆ.